ಸಾರಿಗೆ ಬೆಲ್ಲ ಹಾಕಿದರೆ ತಪ್ಪೇನು?

ಹೋದ ವಾರ ಕಚೇರಿಯಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತಾಗ ಒಂದು ಸಣ್ಣ ಜಗಳವಾಯಿತು. ಪಕ್ಕದ ಮೇಜಿನವರು ಹಾಸನದ ಕಡೆಯವರು. ಹೋಟೆಲಿನಿಂದ ತರಿಸಿದ್ದ ಸಾಂಬಾರನ್ನು ಒಂದು ಚಮಚ ಬಾಯಿಗಿಟ್ಟುಕೊಂಡು, "ಇದು ಸಾಂಬಾರೋ ಪಾಯಸವೋ? ಬೇಳೆ ತಪ್ಪಿ ಬಿದ್ದಿರಬೇಕು" ಎಂದು ಡಬ್ಬಿಯನ್ನು ಆಚೆ ಸರಿಸಿದರು. ನಾನು ಸುಮ್ಮನಿರಬಹುದಿತ್ತು. ಆದರೆ ಇದೇ ಮನುಷ್ಯ ಯುಗಾದಿಯ ಮರುದಿನ ನಮ್ಮ ಮನೆಗೆ ಬಂದಿದ್ದಾಗ ಒಬ್ಬಟ್ಟಿನ ಸಾರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದಿದ್ದರು. ಎರಡು ಲೋಟ! ಅದರಲ್ಲಿ ಇದ್ದದ್ದು ಬೆಲ್ಲವಲ್ಲದೆ ಮತ್ತೇನು? ಕೇಳಿಯೇ ಬಿಟ್ಟೆ. "ಅದು ಬೇರೆ" ಎಂದರು. ಹೇಗೆ ಬೇರೆ ಎಂದರೆ ಉತ್ತರವಿಲ್ಲ.

ಅವರ ಪರವಾಗಿ ಒಂದು ವಾರ ನಾನೇ ಯೋಚನೆ ಮಾಡಿದ್ದೇನೆ. ಈ ಹೊತ್ತಿನ ಮಾತು ಅದರ ಬಗ್ಗೆಯೇ. ಯಾವ ರುಚಿಯ ಜೊತೆ ಯಾವ ರುಚಿ ಕೂಡುತ್ತದೆ, ಯಾವುದು ಕೂಡುವುದಿಲ್ಲ ಎನ್ನುವುದಕ್ಕೆ ನನ್ನದೊಂದು ವಾದವಿದೆ. ಒಪ್ಪಬೇಕೆಂದಿಲ್ಲ. ನಮ್ಮ ಮನೆಯಲ್ಲೇ ಯಾರೂ ಒಪ್ಪಿಲ್ಲ.

ಮೊದಲು ಒಬ್ಬಟ್ಟಿನ ಸಾರನ್ನೇ ಎದುರಿಗಿಟ್ಟುಕೊಳ್ಳೋಣ. ನಮ್ಮದು ತುಮಕೂರು ಜಿಲ್ಲೆ. ನಮ್ಮ ಕಡೆ ಒಬ್ಬಟ್ಟಿಗೆ ತೊಗರಿಬೇಳೆ. ಉತ್ತರ ಕರ್ನಾಟಕದಲ್ಲಿ ಹೋಳಿಗೆಗೆ ಕಡಲೆಬೇಳೆ, ಅಲ್ಲಿ ಈ ಸಾರಿಗೆ ಕಟ್ಟಿನ ಸಾರು ಎಂದು ಹೆಸರು. ಬೇಳೆ ಬೆಂದಿರಬೇಕು, ಕರಗಿರಬಾರದು. ಅಷ್ಟಾದ ಮೇಲೆ ಬಸಿದ ನೀರೇ ಕಟ್ಟು. ಬೇಳೆಗೆ ಬೆಲ್ಲ ಸೇರಿ ಹೂರಣವಾದ ಮೇಲೆ ಅಮ್ಮ ಅದರಲ್ಲಿ ಒಂದು ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ತೆಗೆದು ಕಟ್ಟಿಗೆ ಕದಡುತ್ತಾಳೆ. ಇಷ್ಟಕ್ಕೇ ಮುಗಿಯುವುದಿಲ್ಲ. ಹೂರಣ ರುಬ್ಬಿದ ಜಾರಿಗೆ ನೀರು ಹಾಕಿ ಗಲಬರಿಸಿ ಆ ನೀರನ್ನೂ ಸಾರಿಗೇ ಸುರಿಯುತ್ತಾಳೆ. ಒಂದು ಚೂರು ಬೆಲ್ಲವೂ ಬಚ್ಚಲಿಗೆ ಹೋಗಬಾರದು ಎನ್ನುವ ಜಿಪುಣತನದಿಂದ ಹುಟ್ಟಿದ ಅಡುಗೆ ಇದು ಎಂದೇ ನನ್ನ ಗುಮಾನಿ. ಆಮೇಲೆ ಸಾರಿನ ಪುಡಿ, ರುಬ್ಬಿದ ಕಾಯಿ, ಇಂಗಿನ ಒಗ್ಗರಣೆ. ಇವೆಲ್ಲಕ್ಕಿಂತ ಮೊದಲು ಹುಣಸೆಹಣ್ಣು. ಕಿವುಚಿದ ಹುಣಸೆ ರಸ ಬೀಳುವ ತನಕ ಆ ಪಾತ್ರೆಯಲ್ಲಿರುವುದು ಸಪ್ಪೆ ಪಾಯಸ, ನಿಜವಾಗಿಯೂ. ಮೂಸಿ ನೋಡಿದರೆ ಬೇಳೆಯ ಹಸಿ ವಾಸನೆ, ನಾಲಿಗೆಗಿಟ್ಟರೆ ದಡ್ಡ ಸಿಹಿ. ಹುಳಿ ಬಿದ್ದು ಒಂದು ಕುದಿ ಬಂದಿತೆಂದರೆ ಸಿಹಿ ಹಿಂದಕ್ಕೆ ಸರಿದು ಕೂರುತ್ತದೆ, ಖಾರ ಮುಂದಕ್ಕೆ ಬರುತ್ತದೆ. ಮರುದಿನಕ್ಕೆ ಕುದಿಸಿ ಕುದಿಸಿ ಇನ್ನಷ್ಟು ಇಂಗಿದ ಮೇಲಂತೂ ಯಾವುದು ಸಿಹಿ, ಯಾವುದು ಹುಳಿ ಎಂದು ಬಿಡಿಸಿ ಹೇಳುವುದಕ್ಕೆ ಬರುವುದಿಲ್ಲ.

ನನ್ನ ವಾದ ಇದೇ. ಸಿಹಿಗೂ ಖಾರಕ್ಕೂ ನೇರ ಮಾತುಕತೆ ಇಲ್ಲ. ನಡುವೆ ಹುಳಿ ಕೂರಬೇಕು. ಕೂತರೆ ಸಂಬಂಧ ಕುದುರುತ್ತದೆ, ಕೂರದಿದ್ದರೆ ಪಕ್ಕದ ಮೇಜಿನವರು ಡಬ್ಬಿ ಸರಿಸುತ್ತಾರೆ. ಆ ಹೋಟೆಲಿನ ಸಾಂಬಾರನ್ನು ನಾನೂ ರುಚಿ ನೋಡಿದೆ. ಬೆಲ್ಲ ಇತ್ತು, ಮೆಣಸಿನಕಾಯಿ ಇತ್ತು, ಹುಣಸೆ ನೆಪಕ್ಕೂ ಇರಲಿಲ್ಲ. ಅವರ ಸಿಟ್ಟು ಸರಿಯಾಗಿತ್ತು, ಬೈದದ್ದು ಮಾತ್ರ ತಪ್ಪು ಆಸಾಮಿಗೆ. ಬೆಲ್ಲವನ್ನು ಬೈದರು, ಬೈಯಬೇಕಾಗಿದ್ದದ್ದು ಬಾರದೆ ಉಳಿದ ಹುಣಸೆಯನ್ನು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು ಎನ್ನುವುದಕ್ಕೆ ಸಾಕ್ಷಿ ಬೇರೆಲ್ಲೂ ಹುಡುಕಬೇಕಾಗಿಲ್ಲ, ಹೆಸರಿನಲ್ಲೇ ಇದೆ. ಸಾಂಬಾರು ಎನ್ನುವ ಮಾತು ಮನೆಮನೆಗೆ ಬರುವ ಮುಂಚೆ ನಮ್ಮಲ್ಲಿ ಅದಕ್ಕೆ ಏನೆನ್ನುತ್ತಿದ್ದರು? ಹುಳಿ. ಬೇಳೆ ಇದೆ, ತರಕಾರಿ ಇದೆ, ಕಾಯಿ ಇದೆ, ಆದರೂ ಹೆಸರು ಹುಳಿಯದ್ದು. ನನ್ನ ಅಜ್ಜಿ ಕೊನೆಯವರೆಗೂ "ಇವತ್ತು ಏನು ಹುಳಿ?" ಎಂದೇ ಕೇಳುತ್ತಿದ್ದಳು. ಮಜ್ಜಿಗೆಹುಳಿ ಇದೆ. ಪುಳಿಯೋಗರೆಗೆ ಹುಳಿಯನ್ನ ಎನ್ನುತ್ತೇವೆ. ಇವತ್ತಿನ ಬಿಸಿಬೇಳೆ ಬಾತ್ ಕೂಡ ಹಳಬರ ಬಾಯಲ್ಲಿ ಬಿಸಿಬೇಳೆ ಹುಳಿಯನ್ನವೇ. ಆ ಹೆಸರಿನೊಳಗಿಂದ ಹುಳಿಯನ್ನು ತೆಗೆದು ಬಾತ್ ಸೇರಿಸಿದ ಮೇಲೆ ಎಷ್ಟೋ ಕಡೆ ಪಾತ್ರೆಯೊಳಗಿಂದಲೂ ಹುಳಿ ಹೋಯಿತು. ಈಗ ಅದರ ಮೇಲೆ ಒಂದು ಹಿಡಿ ಬೂಂದಿ ಉದುರಿಸಿ ಕೊಡುತ್ತಾರೆ. ಬೂಂದಿಯ ಮೇಲೆ ನನಗೆ ಕೋಪವಿಲ್ಲ; ಕರಕರ ಎನ್ನುತ್ತದೆ, ಚೆನ್ನಾಗಿಯೇ ಇರುತ್ತದೆ. ಹುಳಿಯ ಕೆಲಸವನ್ನು ಅದಕ್ಕೆ ವಹಿಸಬಾರದು, ಅಷ್ಟೆ.

ಕೊಡಗಿಗೆ ಹೋದರೆ ಇದೇ ಮಾತು ಮಾಂಸದಲ್ಲಿ ಕಾಣುತ್ತದೆ. ಪಂದಿ ಕರಿಯ ಕೊನೆಗೆ ಬೀಳುವ ಕಾಚಂಪುಳಿ, ಪುಳಿ ಹಣ್ಣಿನ ರಸವನ್ನು ಕಪ್ಪಾಗುವ ತನಕ ಕಾಯಿಸಿ ಇಳಿಸಿದ್ದು. ಒಂದು ಚಮಚ ಸಾಕು. ಅಷ್ಟು ಕೊಬ್ಬಿನ ಮಾಂಸವನ್ನು ಅಷ್ಟು ಕಡುಬಿನ ಜೊತೆ ತಿಂದರೂ ನಾಲಿಗೆ ಜಿಡ್ಡುಗಟ್ಟದೆ ಇರುವುದಕ್ಕೆ ಆ ಕಪ್ಪು ಹನಿಗಳೇ ಕಾರಣ. ಕಲಬುರಗಿ, ರಾಯಚೂರಿನ ಕಡೆ ಜೋಳದ ರೊಟ್ಟಿಗೆ ಪುಂಡಿ ಪಲ್ಯ. ಸೊಪ್ಪೇ ಹುಳಿ, ಬೇರೆ ಹುಣಸೆ ಬೇಡ.

ಈಗ ಕರಾವಳಿ. ನಮ್ಮ ಅತ್ತೆ ಕುಂದಾಪುರದ ಕಡೆಯವರು. ಮದುವೆಯಾದ ಹೊಸತರಲ್ಲಿ ಅವರ ಮನೆಯಲ್ಲಿ ಬಾಳೆಲೆಯ ಮೇಲೆ ಹಳದಿ ತುಂಡುಗಳಿರುವ ಏನೋ ಒಂದನ್ನು ಬಡಿಸಿದರು. ಕುಂಬಳಕಾಯಿ ಎಂದುಕೊಂಡು ಬಾಯಿಗಿಟ್ಟೆ. ಅನಾನಸ್! ಬೆಂದ ಅನಾನಸ್ಸಿಗೆ ಬೆಲ್ಲ, ಹುರಿದ ಎಳ್ಳು, ಒಣಮೆಣಸಿನಕಾಯಿ. ಅದೇ ಮೆಣಸ್ಕಾಯಿ. ಮೊದಲ ತುತ್ತಿಗೆ ಗಾಬರಿ, ಎರಡನೆಯದಕ್ಕೆ ಅನುಮಾನ. ಆಮೇಲೆ ಪಾತ್ರೆ ಹಿಡಿದುಕೊಂಡು ಬಂದವರಿಗೆ ನಾನು ಬೇಡ ಎಂದು ಕೈ ಅಡ್ಡ ಹಿಡಿದ ನೆನಪಿಲ್ಲ. ಹುಣಸೆ ಎಷ್ಟು ಹಾಕುತ್ತೀರಿ ಅತ್ತೆ ಎಂದು ಕೇಳಿದ್ದಕ್ಕೆ, "ಅದು ಹಣ್ಣನ್ನು ಕೇಳಿ ಹಾಕುವುದು" ಎಂದರು. ಹಣ್ಣೇ ಹುಳಿಯಾಗಿದ್ದರೆ ಹುಣಸೆ ಕಡಿಮೆ, ಬೆಲ್ಲ ಹೆಚ್ಚು. ತೀರಾ ಸಿಹಿ ಹಣ್ಣಾದರೆ ತಿರುವುಮುರುವು. ಅಳತೆ ಚಮಚ ಹಿಡಿದು ಅಡುಗೆ ಮಾಡುವವರು ಈ ಮಾತನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಬಹುದು. ನಾನು ಅಂಟಿಸಿಕೊಂಡಿಲ್ಲ, ಅತ್ತೆ ನೋಡಿದರೆ ನಗುತ್ತಾರೆ.

ಇಷ್ಟವಾದದ್ದು ಸಾಕು, ಆಗದಿರುವುದಕ್ಕೆ ಬರುತ್ತೇನೆ. ಮೊದಲನೆಯದನ್ನು ಹೇಳುವುದಕ್ಕೆ ಸ್ವಲ್ಪ ಹೆದರಿಕೆ. ಬೇವು ಬೆಲ್ಲ.

ತಾಳಿ. ಆಚರಣೆಯ ಬಗ್ಗೆ ನನ್ನ ತಕರಾರಿಲ್ಲ, ಪ್ರತಿ ಯುಗಾದಿಗೂ ಕೈಯೊಡ್ಡಿ ತೆಗೆದುಕೊಳ್ಳುತ್ತೇನೆ. ರುಚಿಯ ಜೋಡಿ ಎಂದು ನೋಡಿದರೆ ಮಾತ್ರ ಅದು ಸೋತ ಜೋಡಿ. ಬೆಲ್ಲ ಕರಗಿ ಹೋಗುತ್ತದೆ, ಬೇವು ಉಳಿಯುತ್ತದೆ. ಕಹಿ ಗಂಟಲಿನ ಹತ್ತಿರ ಇನ್ನೂ ಕೂತಿರುವಾಗಲೇ ಸಿಹಿ ಜಾಗ ಖಾಲಿ ಮಾಡಿರುತ್ತದೆ. ಅದಕ್ಕೇ ಎಲ್ಲರ ಮನೆಯಲ್ಲೂ ವರ್ಷದಿಂದ ವರ್ಷಕ್ಕೆ ಬೆಲ್ಲದ ಚೂರು ದೊಡ್ಡದಾಗುತ್ತಾ, ಬೇವಿನ ಎಸಳು ಎಣಿಕೆಗೆ ಸಿಗುವಷ್ಟಾಗುತ್ತಾ ಬಂದಿದೆ. ಸುಳ್ಳಾದರೆ ಹೇಳಿ.

ಕಹಿಯನ್ನು ಬಗ್ಗಿಸುವುದರಲ್ಲಿ ಉಪ್ಪು ಬಹಳ ಗಟ್ಟಿಗ. 1997ರಲ್ಲಿ ಬ್ರೆಸ್ಲಿನ್ ಮತ್ತು ಬೋಶಾಂಪ್ ಎಂಬ ಇಬ್ಬರು ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ಇದನ್ನು ತೋರಿಸಿಕೊಟ್ಟರು. ಕಹಿಯೂ ಸಿಹಿಯೂ ಬೆರೆತ ನೀರಿಗೆ ಸೋಡಿಯಂ ಲವಣ ಸೇರಿಸಿದರೆ ಕಹಿ ತಗ್ಗುತ್ತದೆ, ಅಲ್ಲಿಯವರೆಗೆ ಅಡಗಿದ್ದ ಸಿಹಿ ಮೇಲೆ ಬರುತ್ತದೆ. ನಮ್ಮ ಬೀದಿಯ ಗಾಡಿಯವನು ಪತ್ರಿಕೆ ಓದದೆಯೇ ಸೀಬೆಹಣ್ಣಿಗೆ ಉಪ್ಪು ಖಾರ ಸವರಿ ಕೊಡುತ್ತಾನೆ.

ಈ ಉಪ್ಪನ್ನು ಜೊತೆಗಿಟ್ಟುಕೊಂಡು ಹಾಗಲಕಾಯಿ ಗೊಜ್ಜಿನ ಹತ್ತಿರ ಬನ್ನಿ. ಬೇವು ಬೆಲ್ಲ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಅದು. ಹಾಗಲಕಾಯಿಯನ್ನು ತೆಳ್ಳಗೆ ಬಿಲ್ಲೆ ಹೆಚ್ಚಿ, ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು ಹಿಂಡುತ್ತಾರಲ್ಲ, ಅಲ್ಲಿಗೆ ಅರ್ಧ ಜಗಳ ಮುಗಿಯಿತು. ಆಮೇಲೆ ಎಣ್ಣೆಯಲ್ಲಿ ಅಂಚು ಕೆಂಪಾಗುವ ತನಕ ಬಾಡಿಸಿ, ಗಟ್ಟಿ ಹುಣಸೆ ರಸ, ಬೆಲ್ಲ, ಗೊಜ್ಜಿನ ಪುಡಿ. ಎಣ್ಣೆ ಬಿಟ್ಟುಕೊಂಡು ಪಾತ್ರೆಯ ಅಂಚಿನಲ್ಲಿ ಗುಳುಗುಳು ಎನ್ನಬೇಕು. ಕಹಿ ಎಲ್ಲಿಗೂ ಹೋಗಿರುವುದಿಲ್ಲ, ಇದ್ದೇ ಇರುತ್ತದೆ, ಆದರೆ ಕೊನೆಯಲ್ಲಿ ಬಂದು ಸದ್ದಿಲ್ಲದೆ ಕೂರುತ್ತದೆ. ಬಿಸಿ ಅನ್ನಕ್ಕೆ ತುಪ್ಪದ ಬದಲು ಹಸಿ ಎಣ್ಣೆ ಹಾಕಿಕೊಂಡು ಇದನ್ನು ಕಲಸಿ ತಿನ್ನುವ ಬುದ್ಧಿ ನನಗೆ ಬಂದದ್ದು ಮೂವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅಮ್ಮ ಹಾಗಲಕಾಯಿ ಹೆಚ್ಚುವುದನ್ನು ಕಂಡರೆ ಅವತ್ತು ನನಗೆ ಹಸಿವಿಲ್ಲ ಎನ್ನುತ್ತಿದ್ದೆ.

ಎರಡನೆಯದು ಚೀಸ್ ದೋಸೆ. ದೋಸೆಯ ಜೀವ ಅದರ ಹುದುಗಿನಲ್ಲಿದೆ. ರಾತ್ರಿಯಿಡೀ ಹಿಟ್ಟು ಉಬ್ಬಿ ಬಂದ ಆ ಸಣ್ಣ ಹುಳಿಗಾಗಿಯೇ ಅಲ್ಲವೇ ಇಷ್ಟೆಲ್ಲ ನೆನೆಸಿ ರುಬ್ಬಿ ಕಾಯುವುದು? ಅದರ ಮೇಲೆ ಚೀಸ್ ತುರಿದು ಸುರಿದರೆ ಅದು ಕರಗಿ ನಾಲಿಗೆಗೆ ಕಂಬಳಿ ಹೊದಿಸಿದಂತೆ ಹರಡುತ್ತದೆ. ಕೆಂಪು ಚಟ್ನಿಯ ಬೆಳ್ಳುಳ್ಳಿಯೂ ಸತ್ತಿತು, ಹಿಟ್ಟಿನ ಹುಳಿಯೂ ಸತ್ತಿತು. ಹಾಗಾದರೆ ದಾವಣಗೆರೆಯ ಬೆಣ್ಣೆ ದೋಸೆ ಹೇಗೆ ಒಪ್ಪುತ್ತದೆ, ಅದೂ ಜಿಡ್ಡೇ ತಾನೆ ಎಂದು ನೀವು ಕೇಳುತ್ತೀರಿ. ನಾಟಿ ಬೆಣ್ಣೆ ಬರುವುದು ಮೊಸರು ಕಡೆದು. ಮಜ್ಜಿಗೆಯ ಹುಳಿ ಅದಕ್ಕೆ ಇನ್ನೂ ಅಂಟಿಕೊಂಡಿರುತ್ತದೆ. ದೋಸೆಯ ಹುಳಿಗೆ ಅದು ದಾಯಾದಿ. ಈ ವಿವರಣೆ ಕೇಳಿ ನಮ್ಮ ಮಗಳು, "ನಿಮಗೆ ಚೀಸ್ ಇಷ್ಟವಿಲ್ಲ ಎಂದರೆ ಸಾಕಾಗಿತ್ತು" ಎಂದಳು. ಮದುವೆ ಮನೆಗಳಲ್ಲಿ ಬಿಸಿ ಜಾಮೂನಿನ ಮೇಲೆ ಐಸ್ ಕ್ರೀಮ್ ಇಟ್ಟು ಕೊಡುವುದೂ ನನಗೆ ಆಗದು. ಸಿಹಿಯ ಮೇಲೆ ಸಿಹಿ; ಮೂರನೆಯ ಚಮಚಕ್ಕೆ ನಾಲಿಗೆ ನಿದ್ದೆ ಹೋಗುತ್ತದೆ. ಇನ್ನು ಚಾಕೊಲೇಟ್ ಹೋಳಿಗೆ. ಅದನ್ನು ಮಾಡುವವರು ಮಾಡಿಕೊಳ್ಳಲಿ, ತಿನ್ನುವವರು ತಿನ್ನಲಿ, ಆದರೆ ಅದರಿಂದ ಮರುದಿನಕ್ಕೆ ಒಂದು ಸಾರು ಹುಟ್ಟಲಿ ನೋಡೋಣ.

ಇಷ್ಟು ಹೊತ್ತು ಹುಳಿ ಹುಳಿ ಎಂದು ಬಡಿದುಕೊಂಡ ನನ್ನನ್ನು ಕಟ್ಟಿಹಾಕುವ ಒಂದು ತಟ್ಟೆ ಇದೆ. ಚೌಚೌ ಬಾತ್. ಒಂದು ಕಡೆ ಖಾರಾಬಾತ್, ಒಂದು ಕಡೆ ಕೇಸರಿಬಾತ್. ಸಿಹಿಗೂ ಖಾರಕ್ಕೂ ನಡುವೆ ಯಾರೂ ಇಲ್ಲ, ಎರಡೂ ಮೈಗೆ ಮೈ ತಾಗಿಸಿಕೊಂಡು ಕುಳಿತಿರುತ್ತವೆ. ನನಗೋ ಅದು ಪ್ರಾಣ. ಅದರಲ್ಲೂ ಆ ಗಡಿಭಾಗ, ಕೇಸರಿಬಾತಿನ ತುಪ್ಪ ಜಿನುಗಿ ಖಾರಾಬಾತಿನ ರವೆಗೆ ಇಳಿದಿರುವ ಒಂದು ಬೆರಳಗಲದ ಜಾಗ, ಅಲ್ಲಿ ಒಂದು ಹಸಿಮೆಣಸಿನಕಾಯಿ ಚೂರೂ ಒಂದು ದ್ರಾಕ್ಷಿಯೂ ಒಟ್ಟಿಗೆ ಸಿಕ್ಕಿದರೆ ಆ ದಿನ ಒಳ್ಳೆಯದೆಂದೇ ಲೆಕ್ಕ. ಮನೆಯಲ್ಲಿ ಮಾಡಿದ ಉಪ್ಪಿಟ್ಟನ್ನು ಕಾಂಕ್ರೀಟು ಎಂದು ಹೀಗಳೆಯುವವರೂ ಹೋಟೆಲಿನಲ್ಲಿ ಇದನ್ನು ಕಾಸು ಕೊಟ್ಟು ತಿನ್ನುತ್ತಾರೆ.

ಹಾಗಾದರೆ ನನ್ನ ವಾದ ಬಿದ್ದುಹೋಯಿತೇ? ಖಾರಾಬಾತಿನಲ್ಲಿ ಟೊಮೆಟೊ ಇರುತ್ತದೆ ಎಂದು ಒಂದು ಸಲ ಸಮರ್ಥಿಸಿಕೊಂಡೆ. ಕೇಸರಿಬಾತಿಗೆ ಅನಾನಸ್ ಹಾಕುವವರಿದ್ದಾರೆ ಎಂದು ಇನ್ನೊಂದು ಸಲ. ಎರಡೂ ಕುಂಟು ನೆಪಗಳೇ ಎಂದು ನನಗೂ ಗೊತ್ತಿದೆ. ಕೆಲವು ಜೋಡಿಗಳಿಗೆ ದಲ್ಲಾಳಿ ಬೇಡವೇನೋ.

ಚೌಚೌ ಬಾತಿನ ವಿಷಯದಲ್ಲಿ ಒಂದು ಮಾತನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ತಿನ್ನುವ ಕ್ರಮ. ಬಹಳ ಜನ ಖಾರಾಬಾತ್ ಮುಗಿಸಿ, ಬಾಯಿ ಸಿಹಿ ಮಾಡಿಕೊಳ್ಳುವುದಕ್ಕೆ ಕೇಸರಿಬಾತನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಆಮೇಲೆ ಕಾಫಿ ಬರುತ್ತದೆ. ಒಂದು ಗುಟುಕು ಕುಡಿದು, "ಇವತ್ತು ಕಾಫಿಗೆ ಸಕ್ಕರೆಯೇ ಹಾಕಿಲ್ಲ" ಎಂದು ಮಾಣಿಯನ್ನು ಕರೆಯುತ್ತಾರೆ. ಹಾಕಿರುತ್ತಾನೆ, ಪಾಪ. ಕೇಸರಿಬಾತಿನ ಸಿಹಿಗೆ ಒಗ್ಗಿಹೋದ ನಾಲಿಗೆಗೆ ಕಾಫಿಯ ಸಕ್ಕರೆ ಕಾಣಿಸುವುದಿಲ್ಲ, ಡಿಕಾಕ್ಷನ್ನಿನ ಕಹಿ ಮಾತ್ರ ಕಾಣಿಸುತ್ತದೆ. ಅದಕ್ಕೇ ನಾನು ಖಾರಾಬಾತಿನ ಎರಡು ಚಮಚವನ್ನು ತಟ್ಟೆಯ ಅಂಚಿನಲ್ಲಿ ಕೊನೆಯವರೆಗೂ ಕಾಪಾಡಿಕೊಳ್ಳುತ್ತೇನೆ, ಮೇಲೆ ಒಂದಿಷ್ಟು ಚಟ್ನಿ ಸಮೇತ. ಅದನ್ನು ಬಾಯಿಗೆ ಹಾಕಿಕೊಂಡ ಮೇಲೆಯೇ ಕಾಫಿ ಹೇಳುವುದು.

ಪಕ್ಕದ ಮೇಜಿನವರಿಗೆ ಇದನ್ನೆಲ್ಲ ಇನ್ನೂ ಹೇಳಿಲ್ಲ. ನಾಳೆ ಡಬ್ಬಿಯಲ್ಲಿ ಅನಾನಸ್ ಮೆಣಸ್ಕಾಯಿ ಒಯ್ಯುತ್ತಿದ್ದೇನೆ. ಕುಂಬಳಕಾಯಿ ಎಂದು ಹೇಳಿ ಕೊಡುವ ಯೋಚನೆ ಇದೆ.