ಹಸಿರು ಸೂಪ್ ಖಾಕಿ ಆಗುವುದೇಕೆ? ಕುಮಟಾ ಈರುಳ್ಳಿ, ಹಸಿ ಬಟಾಣಿ ಮತ್ತು ಒಂದು ಕಿಟಕಿ ಸೀಟು

[ಶಿರಸಿಯ ಅಡುಗೆಮನೆ. ಕಟ್ಟೆಯ ಮೇಲೆ ಎರಡು ಬಟ್ಟಲು ಸೂಪ್. ಒಂದು ಹಸಿರು, ಇನ್ನೊಂದು ಖಾಕಿ.]

ನಮಸ್ಕಾರ. ಎರಡೂ ಬಟ್ಟಲಲ್ಲಿರುವುದು ಅದೇ ಬಟಾಣಿ, ಅದೇ ಹಸಿರು ಹರಿವೆ, ಅದೇ ಈರುಳ್ಳಿ. ಒಂದನ್ನು ನೋಡಿದರೆ ಕುಡಿಯೋಣ ಅನಿಸುತ್ತದೆ. ಇನ್ನೊಂದನ್ನು ನೋಡಿದರೆ ಪೊಲೀಸ್ ಠಾಣೆ ನೆನಪಾಗುತ್ತದೆ. ಕುಮಟಾದ ವೀಕ್ಷಕರೊಬ್ಬರು ಕೇಳಿದ್ದೂ ಇದನ್ನೇ: "ನಮ್ಮನೆ ಸೂಪ್ ಖಾಕಿ ಯಾಕಾಗುತ್ತದೆ? ಎಷ್ಟು ರುಬ್ಬಿದರೂ ತರಿತರಿ ಯಾಕೆ?"

ಎರಡು ಪ್ರಶ್ನೆಗೂ ಒಬ್ಬನೇ ಆರೋಪಿ ಇದ್ದಾನೆ. ಹುಳಿ.

[ದೃಶ್ಯ: ಕುಮಟಾ ಹೆದ್ದಾರಿ ಪಕ್ಕ ಜಡೆ ಹೆಣೆದು ತೂಗುಹಾಕಿದ ಈರುಳ್ಳಿ]

ಸಾಮಾನು ಬೇಗ ಹೇಳಿ ಮುಗಿಸುತ್ತೇನೆ. ಎರಡು ಲೋಟ ಹಸಿ ಬಟಾಣಿ, ಒಂದು ಹಿಡಿ ಎಳೆ ಹರಿವೆ, ಅರ್ಧ ಆಲೂಗಡ್ಡೆ, ಎರಡು ಚಮಚ ಬೆಣ್ಣೆ, ಉಪ್ಪು. ಈರುಳ್ಳಿ ಮಾತ್ರ ಕುಮಟಾದ್ದೇ ಆಗಲಿ. ಬೇಸಿಗೆ ಶುರುವಾಗುವಾಗ ಬರುವ ಈ ಈರುಳ್ಳಿಗೆ ಖಾರ ಕಡಿಮೆ, ಸಿಹಿ ಜಾಸ್ತಿ. ಇದಿದ್ದರೆ ಸೂಪಿಗೆ ಸಕ್ಕರೆ ಬೇಡ. ಸಕ್ಕರೆ ಹಾಕುವವರ ಮೇಲೆ ನನಗೆ ಮೊದಲಿಂದಲೂ ಅನುಮಾನ, ಇರಲಿ.

[ಕಾಗದದ ಮೇಲೆ ಚಿತ್ರ ಬರೆಯುತ್ತಾ]

ಈಗ ನನಗೆ ಇಷ್ಟವಾದ ಭಾಗ. ಎಲೆಯ ಹಸಿರಿಗೆ ಕಾರಣ ಕ್ಲೋರೋಫಿಲ್. ಅದರ ಅಣುವಿನ ನಡುವೆ ಒಂದು ಉಂಗುರ, ಉಂಗುರದ ಮಧ್ಯೆ ಒಂದೇ ಒಂದು ಮೆಗ್ನೀಸಿಯಂ ಪರಮಾಣು ಕೂತಿರುತ್ತದೆ. ಶಿರಸಿ-ಕುಮಟಾ ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದ ಯಜಮಾನರು ಅಂದುಕೊಳ್ಳಿ. ಬಸ್ಸು ನಿಂತಿರುವಾಗ ಅವರನ್ನು ಯಾರೂ ಅಲ್ಲಾಡಿಸಲಾರರು. ದೇವಿಮನೆ ಘಟ್ಟ ಇಳಿಯಲು ಶುರುವಾಗಲಿ, ತಿರುವಿಗೊಮ್ಮೆ ಸೀಟಿನಿಂದ ಜಾರುತ್ತಾರೆ. ಆ ಕುಲುಕಾಟವೇ ಬಿಸಿ. ಅಷ್ಟರಲ್ಲಿ ಪಕ್ಕದಲ್ಲೇ ಕಾಯುತ್ತಿದ್ದ ಇಬ್ಬರು ಹುಡುಗರು ಬಂದು ಸೀಟು ಹಂಚಿಕೊಂಡು ಕೂತುಬಿಡುತ್ತಾರೆ. ಆ ಇಬ್ಬರು ಹುಳಿಯಿಂದ ಬಂದ ಹೈಡ್ರೋಜನ್‌ಗಳು. ಸೀಟು ಅದೇ, ಬಸ್ಸು ಅದೇ, ಆದರೆ ಬಣ್ಣ ಹೋಯಿತು. ಹೀಗೆ ಮೆಗ್ನೀಸಿಯಂ ಕಳೆದುಕೊಂಡ ಕ್ಲೋರೋಫಿಲ್‌ಗೆ ಫಿಯೋಫೈಟಿನ್ ಅಂತ ಹೆಸರು. ನಿಮ್ಮ ಖಾಕಿ ಅದೇ.

ಆ ಸೀಟಿನಲ್ಲಿ ತಾಮ್ರ ಬಂದು ಕೂತರೆ? ಅದು ಎಬ್ಬಿಸಿದರೂ ಏಳುವುದಿಲ್ಲ! ಕಲಾಯಿ ಹಾಕದ ತಾಮ್ರದ ಪಾತ್ರೆಯಲ್ಲಿ ಬೇಯಿಸಿದ ತರಕಾರಿ ಎದ್ದು ಕಾಣುವಷ್ಟು ಹಸಿರಾಗಿರುತ್ತದೆ. ಹಿಂದೆ ಯುರೋಪಿನ ಅಡುಗೆಯವರು ಇದಕ್ಕೆಂದೇ ಪಾತ್ರೆಗೆ ತಾಮ್ರದ ನಾಣ್ಯ ಹಾಕುತ್ತಿದ್ದರು. ನೀವು ಹಾಗೆ ಮಾಡಬೇಡಿ, ತಾಮ್ರ ಜಾಸ್ತಿಯಾದರೆ ವಿಷ. ಅಜ್ಜಿಯರು ಕಲಾಯಿಯವನಿಗಾಗಿ ದಾರಿ ಕಾಯುತ್ತಿದ್ದದ್ದು ಸುಮ್ನೆ ಅಲ್ಲ.

[ದೃಶ್ಯ: ಒಂದೆಲಗದ ತಂಬುಳಿ]

ಇಲ್ಲೊಂದು ತಕರಾರು ಬರುತ್ತದೆ. ಹುಳಿ ಹಸಿರನ್ನು ಕೊಲ್ಲುತ್ತದಾದರೆ ನಮ್ಮ ಹಸಿ ಒಂದೆಲಗದ ತಂಬುಳಿ ಹಸಿರಾಗಿಯೇ ಇರುತ್ತದಲ್ಲ, ಅದರಲ್ಲಿ ಮಜ್ಜಿಗೆ ಇದೆಯಲ್ಲ? ಇದೆ. ಆದರೆ ಬಿಸಿ ಇಲ್ಲ. ಘಟ್ಟ ಇಳಿಯದೆ ಡಿಪೋದಲ್ಲೇ ನಿಂತ ಬಸ್ಸು ಅದು. ನನ್ನ ಕೇಳಿದರೆ, ನುಣ್ಣನೆಯ ಹಸಿರು ಸೂಪಿನ ಲೆಕ್ಕ ಹವ್ಯಕರ ಅಡುಗೆಮನೆಯಲ್ಲಿ ಯಾವತ್ತೋ ಮುಗಿದಿದೆ. ನಾವು ಅದನ್ನು ಬಿಸಿ ಮಾಡಲು ಹೊರಟಿದ್ದೇವೆ, ಅಷ್ಟೇ.

[ಒಲೆಯ ಹತ್ತಿರ]

ಹಾಗಾದರೆ ಕುಕ್ಕರ್ ಬೇಡ. ತರಕಾರಿಯ ಒಳಗೇ ಸ್ವಲ್ಪ ಹುಳಿ ಇರುತ್ತದೆ, ಬೆಂದಾಗ ಹೊರಗೆ ಬರುತ್ತದೆ. ಮುಚ್ಚಳ ತೆರೆದಿದ್ದರೆ ಅದರಲ್ಲಿ ಒಂದಿಷ್ಟು ಆವಿಯ ಜೊತೆ ಹಾರಿಹೋಗುತ್ತದೆ. ಕುಕ್ಕರಿನಲ್ಲಿ ಎಲ್ಲಿಗೆ ಹೋಗಬೇಕು? ಟೊಮೇಟೊ ಅಂತೂ ಮುಟ್ಟಲೇಬೇಡಿ.

ಮೊದಲು ಈರುಳ್ಳಿ, ಆಲೂಗಡ್ಡೆ ಬೆಣ್ಣೆಯಲ್ಲಿ ಸಣ್ಣ ಉರಿಗೆ ಮೆತ್ತಗಾಗಲಿ, ಕೆಂಪಾಗಬಾರದು. ಇವಕ್ಕೆ ಹಸಿರಿನ ಚಿಂತೆ ಇಲ್ಲ, ಎಷ್ಟು ಹೊತ್ತಾದರೂ ತೊಂದರೆ ಇಲ್ಲ. ಆಮೇಲೆ ಕುದಿಯುವ ನೀರು, ಉಪ್ಪು, ಬಟಾಣಿ. ನಾಲ್ಕು ನಿಮಿಷ ಬಿಟ್ಟು ಸೊಪ್ಪು, ಅದು ಒಂದೇ ನಿಮಿಷ. ಒಟ್ಟು 5–7 ನಿಮಿಷ ದಾಟಿದರೆ ಖಾಕಿ ಶುರು. ಅಡುಗೆ ಸೋಡಾ ಹಾಕಿದರೆ ಹಸಿರು ಉಳಿಯುತ್ತದೆ, ನಿಜ. ಆದರೆ ರುಚಿ ಸಾಬೂನಿನ ಕಡೆ ವಾಲುತ್ತದೆ, ಬಿ1 ಜೀವಸತ್ವವೂ ನಾಶವಾಗುತ್ತದೆ. ನನಗೆ ಬೇಡ.

[ಗಡಿಯಾರ ತೋರಿಸಿ]

ಸಮಯ ಆಗುತ್ತಾ ಬಂತು. ನುಣುಪಿನ ವಿಷಯ ಒಟ್ಟಿಗೇ ಹೇಳಿಬಿಡುತ್ತೇನೆ.

ಹುಳಿ ಮೊದಲೇ ಹಾಕಿದರೆ ತರಕಾರಿ ಬೇಯುವುದಿಲ್ಲ ಅಂತ ಮನೆಯಲ್ಲಿ ಹೇಳುತ್ತಾರಲ್ಲ, ಅದು ಸರಿಯೇ. ತರಕಾರಿಯ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್, ಹುಳಿ ಇದ್ದಾಗ ಬೇಗ ಸಡಿಲವಾಗುವುದಿಲ್ಲ. ಬೇಯದ್ದನ್ನು ರುಬ್ಬಿದರೆ ತರಿಯೇ. ನಮ್ಮ ನಾಲಿಗೆ ಸುಮಾರು 30 ಮೈಕ್ರಾನಿನ ಕಣವನ್ನೂ ಗುರುತಿಸುತ್ತದೆ, ತಲೆಗೂದಲಿಗಿಂತ ತೆಳು ಅದು. ಅದಕ್ಕೇ ಮೊದಲು ನೀರು ಕಡಿಮೆ ಇಟ್ಟು ಗಟ್ಟಿಯಾಗಿ ರುಬ್ಬಿ, ಆಮೇಲೆ ತೆಳು ಮಾಡಿ. ನೀರು ಜಾಸ್ತಿ ಇದ್ದರೆ ಚೂರುಗಳು ಬ್ಲೇಡಿಗೆ ಸಿಗದೆ ತಪ್ಪಿಸಿಕೊಳ್ಳುತ್ತವೆ. ಬಟಾಣಿ ಸಿಪ್ಪೆ ಯಾವ ಮಿಕ್ಸಿಗೂ ಪೂರ್ತಿ ಬಗ್ಗುವುದಿಲ್ಲ. ಜರಡಿಗೆ ಹಾಕಿ ಸೌಟಿನಿಂದ ಒತ್ತಿ. ಮಂದ ಆಗಲು ಆಲೂಗಡ್ಡೆಯ ಪಿಷ್ಟ ಸಾಕು, ಕಾರ್ನ್‌ಫ್ಲೋರ್ ಬೇಡ.

ಬಿಸಿ ಇರುವಾಗ ಮಿಕ್ಸಿ ಜಾರ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಒಳಗೆ ಆವಿ ಒತ್ತಿ ಮುಚ್ಚಳ ಹಾರುತ್ತದೆ. ಬಟ್ಟೆ ಹಿಡಿದು, ನಿಧಾನ ವೇಗದಲ್ಲಿ ಶುರು ಮಾಡಿ. ರುಬ್ಬಿದ ತಕ್ಷಣ ಪಾತ್ರೆಯನ್ನು ತಣ್ಣೀರಿನ ಪರಾತದಲ್ಲಿಟ್ಟರೆ ಬಣ್ಣ ಅಲ್ಲೇ ನಿಲ್ಲುತ್ತದೆ. ಕುಡಿಯುವ ಹೊತ್ತಿಗೆ ಬೆಚ್ಚಗೆ ಮಾಡಿದರೆ ಸಾಕು, ಕುದಿಸಬೇಡಿ.

ಮತ್ತೆ ನಿಂಬೆಹುಳಿ? ಬಟ್ಟಲಿಗೆ ಬಡಿಸಿದ ಮೇಲೆ ನಾಲ್ಕು ಹನಿ. ಉಳಿದ ಸೂಪ್ ಮಾರನೇ ದಿನ ಫ್ರಿಜ್‌ನಿಂದ ತೆಗೆದು ಮಜ್ಜಿಗೆ ಬೆರೆಸಿ ಹಾಗೇ ತಣ್ಣಗೆ ಕುಡಿಯಿರಿ. ಜೀರಿಗೆ ಒಗ್ಗರಣೆ ಹಾಕಿದರೆ ಇನ್ನೂ ಚೆನ್ನ.