ಶ್ವೇತಭವನದತ್ತ ಜರ್ಮನಿಯ ನೋಟ: ಮಿತ್ರರಾಷ್ಟ್ರದ ಜನ ಅಮೆರಿಕದ ನಾಯಕತ್ವವನ್ನು ಹೇಗೆ ಅಳೆಯುತ್ತಾರೆ?

[ಪರದೆಯ ಮೇಲೆ: 2008ರಿಂದ 2025ರವರೆಗೆ ಏರಿಳಿಯುವ ಒಂದೇ ಗೆರೆಯ ನಕ್ಷೆ]

ವೀಕ್ಷಕರಿಗೆ ನಮಸ್ಕಾರ. ಪರದೆಯ ಮೇಲಿರುವ ಗೆರೆಯನ್ನು ಗಮನಿಸಿ. ಜಾಗತಿಕ ವಿಷಯಗಳಲ್ಲಿ ಅಮೆರಿಕದ ಅಧ್ಯಕ್ಷರು ಸರಿಯಾದ ನಿರ್ಧಾರ ಕೈಗೊಳ್ಳುತ್ತಾರೆಂಬ ಭರವಸೆ ನಿಮಗಿದೆಯೇ ಎಂದು ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ ಎರಡು ದಶಕಗಳಿಂದ ಹಲವು ದೇಶಗಳ ಜನರನ್ನು ಕೇಳುತ್ತಾ ಬಂದಿದೆ. ಈ ಗೆರೆ ಜರ್ಮನ್ನರು ಕೊಟ್ಟ ಉತ್ತರದ್ದು. ಜಾರ್ಜ್ ಡಬ್ಲ್ಯು. ಬುಷ್ ಅವರ ಅವಧಿ ಮುಗಿಯುತ್ತಿದ್ದ 2008ರಲ್ಲಿ ಭರವಸೆಯಿದೆ ಎಂದವರು ಶೇ 14ರಷ್ಟು ಮಂದಿ. ಮರುವರ್ಷ ಬರಾಕ್ ಒಬಾಮ ಬಂದಾಗ ಅದು ಶೇ 93ಕ್ಕೆ ಏರಿತು. 2016ರಲ್ಲಿಯೂ ಶೇ 86ರಷ್ಟಿದ್ದ ಆ ಭರವಸೆ, ಡೊನಾಲ್ಡ್ ಟ್ರಂಪ್ ಅಧಿಕಾರಕ್ಕೆ ಬಂದ 2017ರಲ್ಲಿ ಶೇ 11ಕ್ಕೆ ಕುಸಿಯಿತು. 2021ರಲ್ಲಿ ಜೋ ಬೈಡನ್ ಅವರಿಗೆ ಶೇ 78, 2025ರಲ್ಲಿ ಮರಳಿ ಬಂದ ಟ್ರಂಪ್ ಅವರಿಗೆ ಶೇ 18.

ಜರ್ಮನಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಭಾರತ ಅಮೆರಿಕದೊಂದಿಗೆ ಸ್ನೇಹದಿಂದಿದ್ದರೂ ಯಾವ ಸೇನಾ ಒಕ್ಕೂಟದಲ್ಲಿಯೂ ಅದರ ಜೊತೆಗಾರನಲ್ಲ. ಅಮೆರಿಕದ ಅಧ್ಯಕ್ಷರು ಬದಲಾದರೆ ನಮ್ಮ ಗಡಿಯನ್ನು ಯಾರು ಕಾಯುತ್ತಾರೆಂಬ ಪ್ರಶ್ನೆ ನಮ್ಮಲ್ಲಿ ಏಳುವುದಿಲ್ಲ. 1955ರಲ್ಲಿ, ಆಗಿನ ಪಶ್ಚಿಮ ಜರ್ಮನಿಯಾಗಿ, ಅಮೆರಿಕ ನೇತೃತ್ವದ ಸೇನಾ ಒಕ್ಕೂಟ ನ್ಯಾಟೊ ಸೇರಿದ ಜರ್ಮನಿಯಲ್ಲಿ ಆ ಪ್ರಶ್ನೆ ಏಳುತ್ತದೆ. ಸುಮಾರು 35,000 ಅಮೆರಿಕನ್ ಸೈನಿಕರು ಇಂದಿಗೂ ಅಲ್ಲಿನ ನೆಲೆಗಳಲ್ಲಿದ್ದಾರೆ, ರಾಮ್‌ಸ್ಟೈನ್‌ನ ವಾಯುನೆಲೆ ಯುರೋಪಿನಲ್ಲಿ ಅಮೆರಿಕದ ವಾಯುಪಡೆಯ ಕೇಂದ್ರವಾಗಿದೆ. ತಾವು ಮತ ಹಾಕಲಾಗದ ಚುನಾವಣೆಯೊಂದು ತಮ್ಮ ಭದ್ರತೆಯನ್ನು ನಿರ್ಧರಿಸುತ್ತದೆ ಎಂಬ ಅರಿವಿನಲ್ಲಿಯೇ ಅಲ್ಲಿನ ಜನ ವಾಷಿಂಗ್ಟನ್ ಕಡೆಗೆ ನೋಡುತ್ತಾರೆ.

[ಪರದೆಯ ಮೇಲೆ: ಬರ್ಲಿನ್, ಟೆಂಪಲ್‌ಹೋಫ್ ವಿಮಾನ ನಿಲ್ದಾಣ, 1948]

ಈ ನೋಟದ ಬೇರು 1948ರಲ್ಲಿದೆ. ಆ ವರ್ಷದ ಜೂನ್‌ನಲ್ಲಿ ಸೋವಿಯತ್ ಒಕ್ಕೂಟವು, ತನ್ನ ವಶದಲ್ಲಿದ್ದ ಪೂರ್ವ ಜರ್ಮನಿಯ ನಡುವೆ ಇದ್ದ ಪಶ್ಚಿಮ ಬರ್ಲಿನ್‌ಗೆ ಹೋಗುವ ರಸ್ತೆ, ರೈಲು ಮತ್ತು ಜಲಮಾರ್ಗಗಳನ್ನೆಲ್ಲ ಮುಚ್ಚಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ನಗರಕ್ಕೆ ಹಿಟ್ಟು, ಹಾಲಿನ ಪುಡಿ, ಕಲ್ಲಿದ್ದಲು ಎಲ್ಲವನ್ನೂ ಅಮೆರಿಕ ಮತ್ತು ಬ್ರಿಟನ್‌ನ ವಿಮಾನಗಳು ಹೊತ್ತು ತಂದವು. ಒಟ್ಟು ಹಾರಾಟ 2,70,000ಕ್ಕೂ ಹೆಚ್ಚು. ಮೂರು ವರ್ಷಗಳ ಹಿಂದೆ ಇದೇ ನಗರದ ಮೇಲೆ ಬಾಂಬು ಸುರಿಸಿದ್ದ ದೇಶಗಳ ವಿಮಾನಗಳು ಈಗ ಅನ್ನ ತಂದಿದ್ದವು. ಗೇಲ್ ಹಾಲ್ವರ್ಸನ್ ಎಂಬ ಪೈಲಟ್ ಕರವಸ್ತ್ರಗಳನ್ನೇ ಪುಟ್ಟ ಪ್ಯಾರಾಚೂಟ್ ಮಾಡಿ, ಅದಕ್ಕೆ ಚಾಕೊಲೆಟ್ ಕಟ್ಟಿ, ನಿಲ್ದಾಣದ ಬೇಲಿಯಾಚೆ ಕಾದು ನಿಂತ ಮಕ್ಕಳಿಗೆ ಮೇಲಿನಿಂದ ಬಿಡುತ್ತಿದ್ದರು. ಆ ಮಕ್ಕಳ ಪೀಳಿಗೆಗೆ ಅಮೆರಿಕದ ಮೇಲಿದ್ದದ್ದು ಅನ್ನದ ಋಣ. ಪೂರ್ವ ಜರ್ಮನಿಯಲ್ಲಿ ಬೆಳೆದವರಿಗೆ ಈ ಅನುಭವ ಇರಲಿಲ್ಲ. ಅಮೆರಿಕ ಮತ್ತು ನ್ಯಾಟೊ ಕುರಿತ ಸಮೀಕ್ಷೆಗಳಲ್ಲಿ ದೇಶದ ಪೂರ್ವ ಭಾಗದ ಅನುಮಾನ ಹೆಚ್ಚಾಗಿ ಕಾಣುವುದನ್ನು ಅರ್ಥ ಮಾಡಿಕೊಳ್ಳಲು ಇದನ್ನು ನೆನಪಿಡಬೇಕು.

1963ರ ಜೂನ್ 26ರಂದು ಜಾನ್ ಎಫ್. ಕೆನಡಿ ಬರ್ಲಿನ್‌ನ ಶೋನೆಬರ್ಗ್ ಪುರಭವನದ ಮುಂದೆ ಮಾತನಾಡಿದಾಗ ಲಕ್ಷಾಂತರ ಜನ ಸೇರಿದ್ದರು. ಅವರಿಗೆ ಜರ್ಮನ್ ಬಾರದು; ತಾನೂ ಬರ್ಲಿನ್ನಿನವನೇ ಎಂಬ ಆ ಒಂದು ವಾಕ್ಯದ ಉಚ್ಚಾರಣೆಯನ್ನು ಇಂಗ್ಲಿಷ್ ಕಾಗುಣಿತದಲ್ಲಿ ಕೈಯಾರೆ ಚೀಟಿಯೊಂದರ ಮೇಲೆ ಬರೆದುಕೊಂಡಿದ್ದರು. ಅದೇ ವರ್ಷದ ನವೆಂಬರ್ 22ರಂದು ಅವರ ಹತ್ಯೆಯಾಯಿತು. ಮೂರೇ ದಿನಗಳಲ್ಲಿ ಬರ್ಲಿನ್ ಆ ಚೌಕಕ್ಕೆ ಅವರ ಹೆಸರಿಟ್ಟಿತು. ಜರ್ಮನ್ನರು ಅಮೆರಿಕದ ಅಧ್ಯಕ್ಷರನ್ನು ವ್ಯಕ್ತಿಯಾಗಿ ಹಚ್ಚಿಕೊಳ್ಳುವ ರೂಢಿ ಬೇರೂರಿದ್ದು ಇಲ್ಲಿಂದ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಆ ಪ್ರೀತಿ ಎಂದೂ ಕುರುಡಾಗಿರಲಿಲ್ಲ. ಅಣ್ವಸ್ತ್ರ ಹೊರುವ ಅಮೆರಿಕದ ಪರ್ಶಿಂಗ್ ಕ್ಷಿಪಣಿಗಳನ್ನು ಪಶ್ಚಿಮ ಜರ್ಮನಿಯಲ್ಲಿ ಇರಿಸುವ ಯೋಜನೆಯನ್ನು ವಿರೋಧಿಸಿ 1981ರ ಅಕ್ಟೋಬರ್‌ನಲ್ಲಿ ಬಾನ್ ನಗರದಲ್ಲಿ ಸುಮಾರು 3 ಲಕ್ಷ ಜನ ಸೇರಿದರು. ಆದರೂ 1983ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು, ಕ್ಷಿಪಣಿಗಳು ಬಂದವು.

ಇದೇ ಚಿತ್ರ ಇನ್ನೂ ಸ್ಪಷ್ಟವಾಗಿ ಕಂಡದ್ದು 2003ರಲ್ಲಿ. ಇರಾಕ್ ಯುದ್ಧಕ್ಕೆ ಸೇರುವುದಿಲ್ಲವೆಂದು ಸಾರಿಯೇ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಗೆರ್ಹಾರ್ಡ್ ಶ್ರೋಡರ್ 2002ರ ಚುನಾವಣೆ ಗೆದ್ದಿದ್ದರು. 2003ರ ಫೆಬ್ರುವರಿ 15ರಂದು ಬರ್ಲಿನ್‌ನ ಬೀದಿಗಳಲ್ಲಿ ಸುಮಾರು 5 ಲಕ್ಷ ಜನ ಯುದ್ಧದ ವಿರುದ್ಧ ನಡೆದರು. ಆದರೆ ಅದೇ ಸರ್ಕಾರ ಅಮೆರಿಕದ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ತೆರೆದಿಟ್ಟಿತು. ಯುದ್ಧಕ್ಕೆ ಹೊರಟ ಅಮೆರಿಕನ್ ತುಕಡಿಗಳ ಶಿಬಿರಗಳಿಗೆ ಜರ್ಮನ್ ಸೈನಿಕರೇ ಕಾವಲು ನಿಂತರು. ಜನರ ಕೋಪ ಒಂದು ದಾರಿ ಹಿಡಿದರೆ, ಒಕ್ಕೂಟದ ದೈನಂದಿನ ವ್ಯವಹಾರ ತನ್ನ ಪಾಡಿಗೆ ಇನ್ನೊಂದು ದಾರಿಯಲ್ಲಿ ಸಾಗುತ್ತಿತ್ತು. ಆಗ ಆ ಕೋಪಕ್ಕೊಂದು ಕೊನೆಯೂ ಕಾಣುತ್ತಿತ್ತು: ಈ ಅಧ್ಯಕ್ಷರು ಹೋಗುತ್ತಾರೆ, ಬೇರೆಯವರು ಬರುತ್ತಾರೆ. 2008ರ ಜುಲೈ 24ರಂದು, ಇನ್ನೂ ಅಭ್ಯರ್ಥಿಯಷ್ಟೇ ಆಗಿದ್ದ ಒಬಾಮ ಅವರ ಮಾತು ಕೇಳಲು ಬರ್ಲಿನ್‌ನ ವಿಜಯಸ್ತಂಭದ ಸುತ್ತ ಸುಮಾರು 2 ಲಕ್ಷ ಜನ ಸೇರಿದ್ದರ ಹಿಂದೆ ಇದ್ದದ್ದು ಈ ನಿರೀಕ್ಷೆಯೇ.

[ಪರದೆಯ ಮೇಲೆ: ಎರಡನೆಯ ಗೆರೆ ಮೂಡುತ್ತದೆ]

ಈಗ ಎರಡನೆಯ ಗೆರೆಯನ್ನು ನೋಡೋಣ. ಸುದ್ದಿವಾಹಿನಿಗಳು ಅಧ್ಯಕ್ಷರ ಜನಪ್ರಿಯತೆಯನ್ನಷ್ಟೇ ತೋರಿಸಿ ಮುಂದೆ ಹೋಗುವುದರಿಂದ ಈ ಭಾಗ ಕಣ್ಣಿಗೆ ಬೀಳುವುದೇ ಇಲ್ಲ. ಅಮೆರಿಕ ಎಂಬ ದೇಶದ ಬಗ್ಗೆ ನಿಮಗೆ ಒಳ್ಳೆಯ ಅಭಿಪ್ರಾಯವಿದೆಯೇ ಎಂದು ಅದೇ ಸಮೀಕ್ಷೆ ಪ್ರತ್ಯೇಕವಾಗಿ ಕೇಳುತ್ತದೆ. ಒಬಾಮ ಅವರನ್ನು ಶೇ 93ರಷ್ಟು ಜನ ನಂಬಿದ 2009ರಲ್ಲಿಯೂ, ಅಮೆರಿಕದ ಬಗ್ಗೆ ಒಳ್ಳೆಯ ಅಭಿಪ್ರಾಯ ಇದ್ದವರು ಶೇ 64 ಮಾತ್ರ. ವ್ಯಕ್ತಿಯ ಮೇಲಿನ ವಿಶ್ವಾಸ ದೇಶದ ಮೇಲಿನ ವಿಶ್ವಾಸವಾಗಿ ಪೂರ್ತಿ ಬದಲಾಗಿರಲಿಲ್ಲ.

2013ರ ಅಕ್ಟೋಬರ್‌ನಲ್ಲಿ ಚಾನ್ಸಲರ್ ಆಂಗೆಲಾ ಮರ್ಕೆಲ್ ಅವರ ಮೊಬೈಲ್ ಫೋನ್‌ ಮೇಲೆ ಅಮೆರಿಕದ ಗುಪ್ತಚರ ಸಂಸ್ಥೆ ಕಣ್ಣಿಟ್ಟಿತ್ತೆಂಬ ವರದಿ ಬಂದಾಗ, ಗೆಳೆಯರ ನಡುವೆ ಇಂಥ ಗೂಢಚರ್ಯೆ ಸಲ್ಲದು ಎಂದು ಅವರು ಬಹಿರಂಗವಾಗಿಯೇ ಹೇಳಿದರು. ಪೂರ್ವ ಜರ್ಮನಿಯ ಗುಪ್ತ ಪೊಲೀಸರ ಕದ್ದಾಲಿಕೆಯ ನೆನಪು ಇನ್ನೂ ಹಸಿಯಾಗಿದ್ದ ದೇಶದಲ್ಲಿ ಆ ಸುದ್ದಿ ಬೇರೆಡೆಗಿಂತ ಆಳವಾಗಿ ನಾಟಿತು. ಎಲ್ಲರೂ ಮೆಚ್ಚಿದ ಅಧ್ಯಕ್ಷರ ಕಾಲದಲ್ಲಿಯೇ ಇದು ನಡೆದಿತ್ತು.

ನಂತರ ಬಂದದ್ದು 2017ರ ಮೇ ತಿಂಗಳು. ಬ್ರಸೆಲ್ಸ್‌ನ ನ್ಯಾಟೊ ಕೇಂದ್ರ ಕಚೇರಿಯಲ್ಲಿ ಮಾತನಾಡಿದ ಟ್ರಂಪ್, ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ 5ನೇ ವಿಧಿಗೆ ತಾನು ಬದ್ಧನೆಂದು ಸ್ಪಷ್ಟವಾಗಿ ಹೇಳಲಿಲ್ಲ. ಮೂರು ದಿನಗಳ ಬಳಿಕ, ಮೇ 28ರಂದು, ಮ್ಯೂನಿಕ್‌ನ ಟ್ರುಡೆರಿಂಗ್ ಬಡಾವಣೆಯ ಬಿಯರ್ ಡೇರೆಯೊಂದರಲ್ಲಿ ನಡೆದ ಚುನಾವಣಾ ಸಭೆಯಲ್ಲಿ ಮರ್ಕೆಲ್, ಇತರರನ್ನು ಪೂರ್ತಿಯಾಗಿ ನೆಚ್ಚಬಹುದಾಗಿದ್ದ ಕಾಲ ಒಂದು ಮಟ್ಟಿಗೆ ಮುಗಿದಿದೆ, ಯುರೋಪಿನವರು ತಮ್ಮ ಭವಿಷ್ಯವನ್ನು ತಾವೇ ಕೈಗೆತ್ತಿಕೊಳ್ಳಬೇಕು ಎಂದರು. 2003ರಲ್ಲಿ ಶ್ರೋಡರ್ ಅವರ ಅಮೆರಿಕ ವಿರೋಧವನ್ನು ಖಂಡಿಸಿ ವಾಷಿಂಗ್ಟನ್‌ನ ಪತ್ರಿಕೆಗೆ ಲೇಖನ ಬರೆದಿದ್ದ ನಾಯಕಿಯ ಬಾಯಿಂದ ಈ ಮಾತು ಬಂದಿತ್ತು.

ಬೈಡನ್ ಬಂದ ಮೇಲೆ ಎರಡೂ ಗೆರೆಗಳು ಮೇಲೇರಿದವು ನಿಜ. ಉಕ್ರೇನ್ ಮೇಲೆ ರಷ್ಯಾ ದಾಳಿ ನಡೆಸಿದಾಗ ಅಮೆರಿಕವೇ ಮುಂದೆ ನಿಂತದ್ದೂ ನಿಜ. ಆದರೆ 2021ರ ಆಗಸ್ಟ್‌ನಲ್ಲಿ ಕಾಬೂಲ್ ಕುಸಿದ ರೀತಿಯನ್ನು, ಇಪ್ಪತ್ತು ವರ್ಷ ಅಲ್ಲಿ ತನ್ನ ಸೈನಿಕರನ್ನೂ ಇರಿಸಿದ್ದ ಜರ್ಮನಿ ಮರೆಯಲಿಲ್ಲ. 2024ರ ಹೊತ್ತಿಗೆ ಬೈಡನ್ ಮೇಲಿನ ಭರವಸೆ ಶೇ 63ಕ್ಕೆ ಇಳಿದಿತ್ತು. ಅಧ್ಯಕ್ಷರು ಒಳ್ಳೆಯವರೇ ಇರಬಹುದು, ನಾಲ್ಕು ವರ್ಷಗಳ ನಂತರ ಯಾರು ಬರುತ್ತಾರೆ ಎಂಬ ಪ್ರಶ್ನೆ ಆಗಲೇ ಮನಸ್ಸಿನಲ್ಲಿ ಕುಳಿತಿತ್ತು. ನನ್ನ ದೃಷ್ಟಿಯಲ್ಲಿ ಹಿಂದಿನ ಎಲ್ಲ ಮುನಿಸುಗಳಿಗೂ ಈಗಿನದಕ್ಕೂ ಇರುವ ವ್ಯತ್ಯಾಸ ಇದೇ: ಮೊದಲು ಅನುಮಾನ ಅಧ್ಯಕ್ಷರ ಮೇಲಿತ್ತು, ಈಗ ಅವರನ್ನು ಆರಿಸುವ ವ್ಯವಸ್ಥೆಯ ಸ್ಥಿರತೆಯ ಮೇಲಿದೆ.

ಎಲ್ಲ ಮಿತ್ರರಾಷ್ಟ್ರಗಳೂ ಒಂದೇ ರೀತಿ ಯೋಚಿಸುವುದಿಲ್ಲ. ರಷ್ಯಾದ ಭಯ ಹತ್ತಿರದಿಂದ ಕಂಡಿರುವ ಪೋಲೆಂಡಿನಲ್ಲಿ ಟ್ರಂಪ್ ಮೇಲಿನ ವಿಶ್ವಾಸ ಜರ್ಮನಿಗಿಂತ ಹೆಚ್ಚೇ ಇದೆ. ಇಸ್ರೇಲ್‌ನಲ್ಲಿ ಇನ್ನೂ ಹೆಚ್ಚು. ಇತ್ತ ಕೆನಡಾದಲ್ಲಿ, ಟ್ರಂಪ್ ಅವರ ಆಮದು ಸುಂಕ ಮತ್ತು ಅಮೆರಿಕದ 51ನೇ ರಾಜ್ಯವಾಗಿ ಎಂಬ ಮಾತುಗಳ ನಂತರ, ಅಮೆರಿಕವನ್ನೇ ದೇಶದ ಅತಿ ದೊಡ್ಡ ಬೆದರಿಕೆ ಎಂದು ಹೆಸರಿಸಿದವರು 2025ರಲ್ಲಿ ಅರ್ಧಕ್ಕಿಂತ ಹೆಚ್ಚು.

ಜರ್ಮನಿಗೆ ಮರಳೋಣ. 2025ರ ಫೆಬ್ರುವರಿ 23ರ ಚುನಾವಣೆಯ ರಾತ್ರಿ, ಗೆದ್ದ ಪಕ್ಷದ ನಾಯಕ ಫ್ರೆಡ್ರಿಕ್ ಮೆರ್ಜ್, ಹಂತ ಹಂತವಾಗಿ ಅಮೆರಿಕದಿಂದ ಸ್ವತಂತ್ರವಾಗುವಷ್ಟು ಬಲವನ್ನು ಯುರೋಪಿಗೆ ತುಂಬುವುದೇ ತನ್ನ ಮೊದಲ ಆದ್ಯತೆ ಎಂದರು. ಜರ್ಮನಿ–ಅಮೆರಿಕ ಬಾಂಧವ್ಯಕ್ಕಾಗಿಯೇ ಇರುವ ಸಂಸ್ಥೆಯೊಂದರ ಅಧ್ಯಕ್ಷರಾಗಿ ಸುಮಾರು ಹತ್ತು ವರ್ಷ ದುಡಿದವರು ಅವರು. ತಿಂಗಳೊಳಗೆ, ಮಾರ್ಚ್ 18ರಂದು, ಸರ್ಕಾರ ಮಾಡಬಹುದಾದ ಸಾಲಕ್ಕೆ ಸಂವಿಧಾನದಲ್ಲಿಯೇ ಮಿತಿ ಬರೆದುಕೊಂಡಿದ್ದ ದೇಶ, ರಕ್ಷಣಾ ವೆಚ್ಚ ಜಿಡಿಪಿಯ ಶೇ 1ನ್ನು ದಾಟಿದರೆ ಆ ಮಿತಿ ಅನ್ವಯಿಸದಂತೆ ತಿದ್ದುಪಡಿ ಮಾಡಲು ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಬಹುಮತದಿಂದ ಒಪ್ಪಿತು. ಸಾಲವೆಂದರೆ ಹಿಂಜರಿಯುವ ಸಮಾಜದಲ್ಲಿ ಇದು ಸಣ್ಣ ನಿರ್ಧಾರವಲ್ಲ. 1983ರಲ್ಲಿ, 2003ರಲ್ಲಿ ಜನರ ಅಸಮಾಧಾನ ಒಕ್ಕೂಟದ ವ್ಯವಹಾರವನ್ನು ಅಲುಗಿಸಿರಲಿಲ್ಲ. ಈ ಬಾರಿ ಅದು ಬಜೆಟ್ಟಿನೊಳಗೆ ಬಂದಿದೆ.

ಆದರೆ ಹಣದಿಂದ ತಕ್ಷಣ ಕೊಳ್ಳಲಾಗದ್ದು ಒಂದಿದೆ. ಜರ್ಮನಿಗೆ ಸ್ವಂತ ಅಣ್ವಸ್ತ್ರವಿಲ್ಲ. ಬ್ಯೂಷೆಲ್ ನೆಲೆಯಲ್ಲಿ ಅಮೆರಿಕದ ಅಣುಬಾಂಬುಗಳಿವೆ ಎಂಬುದು ಅಲ್ಲಿ ಎಲ್ಲರಿಗೂ ತಿಳಿದ ವಿಷಯ, ಮತ್ತು ಯುದ್ಧದ ಹೊತ್ತಿನಲ್ಲಿ ಅವುಗಳನ್ನು ಹೊರಲೆಂದೇ ಜರ್ಮನಿ 2022ರಲ್ಲಿ 35 ಎಫ್–35 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದೆ. ಆ ವಿಮಾನಗಳು ಅಮೆರಿಕದಿಂದಲೇ ಬರಬೇಕು, ಬಿಡಿಭಾಗ ಮತ್ತು ತಂತ್ರಾಂಶಕ್ಕೂ ಅಮೆರಿಕವನ್ನೇ ನೆಚ್ಚಬೇಕು, ಬಾಂಬು ಬಳಸಲು ಅನುಮತಿ ಕೊಡುವವರೂ ಅಮೆರಿಕದ ಅಧ್ಯಕ್ಷರೇ, ಅಂದರೆ 2025ರಲ್ಲಿ ನೂರಕ್ಕೆ ಹದಿನೆಂಟು ಜರ್ಮನ್ನರು ಮಾತ್ರ ನಂಬಿದ ವ್ಯಕ್ತಿ. ಫ್ರಾನ್ಸ್ ಮತ್ತು ಬ್ರಿಟನ್‌ನ ಅಣ್ವಸ್ತ್ರಗಳ ರಕ್ಷಣೆಯನ್ನು ಯುರೋಪಿನ ಇತರ ದೇಶಗಳಿಗೂ ವಿಸ್ತರಿಸಬಹುದೇ ಎಂಬ ಬಗ್ಗೆ ಆ ಎರಡು ದೇಶಗಳೊಂದಿಗೆ ಮಾತನಾಡಬೇಕೆಂದು ಮೆರ್ಜ್ ಈಗ ಬಹಿರಂಗವಾಗಿಯೇ ಹೇಳಿದ್ದಾರೆ. ಹಿಂದಿನ ಚಾನ್ಸಲರ್‌ಗಳು ಸಾರ್ವಜನಿಕ ವೇದಿಕೆಯಲ್ಲಿ ಎತ್ತಲು ಹಿಂಜರಿಯುತ್ತಿದ್ದ ವಿಷಯ ಅದು.