🐂 🐃 🐄: ಯಾವ ದನಕ್ಕ ಯಾವ ಇಮೋಜಿ?

[ಪರದೆ: ಮಾದರಿ ಸಂದೇಶ, "🐄 ಮಾರಾಟಕ್ಕಿದೆ"]

ಇದನ್ನ ನೋಡಿದವರಿಗೆ ಏನು ತಿಳೀತು? ಆಕಳೋ, ಎತ್ತೋ, ಎಮ್ಮಿಯೋ? ವಿಜಯಪುರ, ಬಾಗಲಕೋಟೆ ಕಡೆ ದನದ ವ್ಯಾಪಾರದ ವಾಟ್ಸಾಪ್ ಗ್ರೂಪಿನಾಗ ಕೈಗೆ ಸಿಕ್ಕ ಇಮೋಜಿ ಒತ್ತಿಬಿಡೋರು ಭಾಳ. ಕೊಳ್ಳಾವ ಫೋನ್ ಮಾಡಿ ಮೊದಲು ಕೇಳೂದು ಇದನ್ನ.

[ಪರದೆ: 🐂]

ಇದು ಎತ್ತು. ಕೀಬೋರ್ಡಿನ ಹುಡುಕಾಟದಾಗ ಇಂಗ್ಲಿಷಿನ್ಯಾಗ 'ಆಕ್ಸ್' ಅಂತ ಹೊಡೀರಿ. ಹೆಚ್ಚಿನ ಫೋನಿನ್ಯಾಗ ಮೈ ಕಂದು ಬಣ್ಣ, ಕೆಚ್ಚಲ ಇಲ್ಲ. ಚೀನೀ ಪಂಚಾಂಗದ 12 ಪ್ರಾಣಿಗಳಾಗ ಎತ್ತೂ ಒಂದು. 2021 ಎತ್ತಿನ ವರ್ಷ ಆಗಿತ್ತು. ಶೇರು ಪೇಟಿಯವರು 🐂 ಹಾಕಿದ್ರ ಬೆಲಿ ಏರತೈತಿ ಅಂತ, 🐻 ಹಾಕಿದ್ರ ಇಳೀತೈತಿ ಅಂತ. ನಮ್ಮ ಕಡೆ ಕಾರಹುಣ್ಣಿಮಿ, ಮಣ್ಣೆತ್ತಿನ ಅಮಾಸಿ, ಬಸವ ಜಯಂತಿ ಮೂರಕ್ಕೂ ಇದೇ ಸರಿ. ಜೋಡಿ ಎತ್ತು ಬೇಕಂದ್ರ ಎರಡು ಸಲ ಒತ್ತರಿ. ಎರಡೂ ಎಡಕ್ಕ ಮುಖ ಮಾಡಿ ಒಂದರ ಹಿಂದೊಂದು ನಿಲ್ಲತಾವು, ನೊಗಕ್ಕ ಹೂಡಿದಂಗ ಮಾಡಾಕ ಬರೂದಿಲ್ಲ.

[ಪರದೆ: 🐄, ಹೊಟ್ಟಿ ಕೆಳಗ ಬಾಣದ ಗುರುತು]

ಬಸವ ಜಯಂತಿ ಶುಭಾಶಯದಾಗ ಇದನ್ನ ಹಾಕಿರತಾರ. ಕೆಳಗ ನೋಡ್ರಿ, ಕೆಚ್ಚಲ! ಬಸವಣ್ಣಗ ಕೆಚ್ಚಲ ಎಲ್ಲಿಂದ ಬರಬೇಕ್ರಿ?

ಇದು ಆಕಳು. ಅದರಾಗೂ ಹೆಚ್ಚಿನ ಫೋನಿನ್ಯಾಗ ಬಿಳಿ ಮೈಮ್ಯಾಲ ಕರಿ ಮಚ್ಚಿ ಇರತಾವು, ಅಂದ್ರ ನೋಡಾಕ ಡೇರಿಗೆ ಸಾಕೋ ವಿದೇಶಿ ತಳಿ ಎಚ್‌ಎಫ್ ಆಕಳ. ಖಿಲಾರಿ ತಳಿಯ ಆಕಳ ಮಾರಾಕ ಇದೊಂದನ್ನ ಹಾಕಿದ್ರ ಡೇರಿಗೆ ಆಕಳ ಹುಡುಕೋರು ಫೋನ್ ಮಾಡತಾರ, ಹಾಲು ಎಷ್ಟು ಲೀಟರ್ ಅಂತಾರ. ಖಿಲಾರಿಯ ಹಿಣಲು, ಹಿಂದಕ್ಕ ಬಾಗಿ ಮ್ಯಾಲೇರಿದ ಚೂಪು ಕೋಡು ತೋರಿಸೋ ಇಮೋಜಿ ಇಲ್ಲ. ಹಿಣಲು ಕಾಣತೈತಿ ಅಂತ 🦬 ಒತ್ತಬ್ಯಾಡ್ರಿ, ಅದು ಕಾಡಿನ ಬೈಸನ್. ಇಮೋಜಿಗೆ ಸಂಕೇತ ಸಂಖ್ಯೆ ಕೊಡೋ ಪಟ್ಟಿ ಯೂನಿಕೋಡ್, ಅದರ 2020ರ 13ನೇ ಆವೃತ್ತಿಯಾಗ ಬಂದದ್ದು, ಹಳೆ ಫೋನಿನ್ಯಾಗ ಬರೇ ಚೌಕ ಕಾಣಬಹುದು.

[ಪರದೆ: 🐃]

ಎಮ್ಮಿ, 'ವಾಟರ್ ಬಫೆಲೋ'. ಬೂದು ಮೈ, ಬಾಗಿದ ದೊಡ್ಡ ಕೋಡು. ಸುರುಳಿ ಕೋಡಿನ ಮುರ್ರಾ ತಳಿಗೂ, ಭುಜ ದಾಟಿ ಹೋಗೋ ಕೋಡಿನ ಪಂಢರಪುರಿ ತಳಿಗೂ ಇದೊಂದೇ. ಕ್ವಾಣಕ್ಕ ಬ್ಯಾರೆ ಇಲ್ಲ, ಕರುವಿಗಂತೂ ಇಲ್ಲೇ ಇಲ್ಲ. ಕರು ಅಂತ ತೋರಿಸಾಕ ಕೆಲವರು 🐮 ಹಾಕತಾರ. ಅದು ಆಕಳ ಮುಖ, ಮಕ್ಕಳ ಹುಟ್ಟುಹಬ್ಬದ ಸಂದೇಶಕ್ಕ ಚಂದ.

[ಪರದೆ: ಒಂದೇ 🐂, ಎರಡು ಫೋನಿನ್ಯಾಗ]

ಸಂದೇಶದಾಗ ಹೋಗೂದು ಚಿತ್ರ ಅಲ್ಲ, ಒಂದು ಸಂಕೇತ ಸಂಖ್ಯೆ. ಅದನ್ನ ನೋಡಿ ಆಪಲ್, ಗೂಗಲ್, ಸ್ಯಾಮ್‌ಸಂಗ್ ತಮ್ಮ ತಮ್ಮ ಚಿತ್ರ ತೋರಿಸತಾವು. ಅದಕ್ಕ ನಿಮ್ಮ ಫೋನಿನ್ಯಾಗ ಕಂಡ ಬಣ್ಣಾನ ಅವರಿಗೂ ಕಾಣತೈತಿ ಅಂತ ನಂಬಬ್ಯಾಡ್ರಿ.

ಹಂಗಾರ ಹೆಂಗ ಬರೀಬೇಕು? ಒಂದು ದನಕ್ಕ ಒಂದು ಇಮೋಜಿ ಸಾಕು, ಆದ್ರ ಬಾಜೂಕ ಮಾತು ಇರಲಿ.

[ಪರದೆ: "🐂🐂 ಖಿಲಾರಿ ಜೋಡಿ, 4 ಹಲ್ಲು, ಗಳೆಕ್ಕ ರೂಢಿ" / "🐃 ಮುರ್ರಾ, ಎರಡನೇ ಸೂಲು, ಹೊತ್ತಿಗೆ 4 ಲೀಟರ್"]

ಬರೇ 🐃 ಹಾಕಿದ್ರ, ನಾಳೆ ಯಾರರ ಗ್ರೂಪಿನ್ಯಾಗ 'ಎಮ್ಮಿ' ಅಂತ ಹುಡುಕಿದಾಗ ನಿಮ್ಮ ಸಂದೇಶ ಬರೂದಿಲ್ಲ. ಸಾಲಾಗಿ ಹತ್ತು ಹಾಕಿದ್ರ, ಫೋನಿನಿಂದ ಓದಿಸಿ ಕೇಳೋ ಅಂಧರಿಗೆ ಹೆಸರು ಹತ್ತು ಸಲ ಕೇಳಬಹುದು.

ದಿನಾ ಹಾಕೋರಿಗೆ ಒಂದು ಸುಲಭ ದಾರಿ. ಗೂಗಲ್ ಕೀಬೋರ್ಡ್ ಆದ ಜಿಬೋರ್ಡಿನ ಸೆಟ್ಟಿಂಗ್ಸ್, ಡಿಕ್ಷನರಿ, ಪರ್ಸನಲ್ ಡಿಕ್ಷನರಿ, ಭಾಷೆ, ಆಮ್ಯಾಲ ಕೂಡಿಸೋ ಗುರುತು. ಮ್ಯಾಲಿನ ಖಾನೆಯಾಗ 🐂🐂, ಶಾರ್ಟ್‌ಕಟ್‌ದಾಗ 'ಜೋಎ'. ಮುಂದ 'ಜೋಎ' ಹೊಡದ್ರ ಸಲಹೆಯ ಪಟ್ಟಿಯೊಳಗ ಎತ್ತು ಬರತಾವು. ಕನ್ನಡ ಕೀಬೋರ್ಡಿಗೆ ಬೇಕಂದ್ರ ಭಾಷೆ ಕನ್ನಡಾನ ಆರಿಸ್ರಿ, ಇಂಗ್ಲಿಷ್ ಆರಿಸಿದ್ರ ಅಲ್ಲೇ ಉಳೀತೈತಿ.

ಎಸ್‌ಎಂಎಸ್ ಕಳಿಸೋ ವ್ಯಾಪಾರಿಗಳು ಇದನ್ನ ನೋಡಕೋರಿ: ಇಂಗ್ಲಿಷ್ ಅಕ್ಷರದ ಸಂದೇಶಕ್ಕ ಮಿತಿ 160 ಅಕ್ಷರ. ಒಂದು 🐂 ಸೇರಿತಂದ್ರ ಅದು 70ಕ್ಕ ಇಳೀತೈತಿ, ಅದರಾಗ ಎರಡು ಅಕ್ಷರದ ಜಾಗ ಇಮೋಜಿಗೇ ಹೋಗತೈತಿ. 100 ಅಕ್ಷರದ ಸಂದೇಶಕ್ಕ ಎರಡರ ರೊಕ್ಕ. ಕನ್ನಡದ ಸಂದೇಶಕ್ಕ ಮೊದಲಿಂದನೂ 70.